ಕೊನೆಯ ನಾಲ್ಕು ಸಾಲು

ಚಿಕ್ಕಮಗಳೂರು

ಪ್ರೀತಿಯ ತಂಗಿ,

ನಿನ್ನ ಹನ್ನೆರಡು ಕವಿತೆಗಳೂ ಕೈಸೇರಿದವು. ಎಲ್ಲವನ್ನೂ ಎರಡೆರಡು ಸಲ ಓದಿದೆ. ಒಂದನ್ನು ಮಾತ್ರ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ‘ಹಂಡೆ’ ಅಂತ ಹೆಸರಿಟ್ಟಿದ್ದೀಯಲ್ಲ, ಅದು. ಅಟ್ಟದ ತುಂಬ ಒಣಸೌದೆ ಇದ್ದರೂ ಅಮ್ಮ ಬಚ್ಚಲೊಲೆಗೆ ಬೇಕಂತಲೇ ಹಸಿ ಸೌದೆ ತುರುಕುತ್ತಾಳೆ. ಕಣ್ಣು ಕೆಂಪಾಗಿದ್ದು ಹೊಗೆಗೆ ಅಂತ ಮನೆಯವರು ಅಂದುಕೊಳ್ಳಲಿ ಎಂದು. ಓದಿ, ಹಾಳೆ ಮಡಚಿಟ್ಟು ಸುಮ್ಮನೆ ಕೂತೆ. ನಮ್ಮ ಅಜ್ಜಿಯೂ ಊದುಕೊಳವೆ ಹಿಡಿದು ಬಚ್ಚಲೊಲೆಯ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂರುತ್ತಿದ್ದಳು. ಯಾಕಜ್ಜಿ ಅಂತ ನಾನು ಒಂದು ದಿನವೂ ಕೇಳಲಿಲ್ಲ.

ಅದೇ ಕವಿತೆಯ ಕೊನೆಯ ನಾಲ್ಕು ಸಾಲಿಗೆ ಬಂದರೆ ಅಮ್ಮ ಇದ್ದಕ್ಕಿದ್ದಂತೆ ಜ್ವಾಲೆಯಾಗುತ್ತಾಳೆ, ದುರ್ಗಿಯಾಗುತ್ತಾಳೆ, ಸಂಕೋಲೆ ಕಡಿದು ಎದ್ದು ನಿಲ್ಲುತ್ತಾಳೆ. ನಿಮ್ಮಮ್ಮ ನಿಜಕ್ಕೂ ಎದ್ದು ನಿಂತರೇ? ನಿಂತಿದ್ದರೆ ಎಂದು, ಯಾರ ಮುಂದೆ, ಕೈಯಲ್ಲಿ ಏನು ಹಿಡಿದುಕೊಂಡು, ಅದನ್ನು ಬರೆ. ಇಲ್ಲವಾದರೆ ಆ ನಾಲ್ಕು ಸಾಲು ತೆಗೆದುಬಿಡು. ಉಳಿದ ಹನ್ನೊಂದರಲ್ಲೂ ಇದೇ ನಡೆ: ಮೊದಲು ಗಾಯ, ನಡುವೆ ಕಣ್ಣೀರು, ಕೊನೆಗೆ ರೆಕ್ಕೆ. ಗೆಲುವು ಹೀಗೆ ಪ್ರತಿ ಸಲವೂ ಹೇಳಿದ ಹೊತ್ತಿಗೆ ಬಂದು ನಿಂತರೆ, ಓದುವ ನೊಂದ ಹೆಣ್ಣು ತನ್ನ ಬಗ್ಗೆಯೇ ನಾಚಿಕೊಳ್ಳುತ್ತಾಳೆ, ತಾನಿನ್ನೂ ಎದ್ದಿಲ್ಲವಲ್ಲ ಅಂತ. ಅವಳಿಗೆ ಇದು ಇನ್ನೊಂದು ಪೆಟ್ಟು.

ಈ ತಪ್ಪು ನಾನೂ ಮಾಡಿದ್ದೇನೆ. ಮೂವತ್ತೊಂದನೇ ವಯಸ್ಸಿಗೆ ಗಂಡನ ಮನೆ ಬಿಟ್ಟು ಬಂದವಳು, ಆರೇ ತಿಂಗಳಿಗೆ ಗೆದ್ದೆ ಅಂತ ಕವಿತೆ ಬರೆದು ವೇದಿಕೆ ಹತ್ತಿ ಓದಿದೆ. ಚಪ್ಪಾಳೆ ಬಿತ್ತು. ಮನೆಗೆ ಬಂದ ಮೇಲೆ, ಹಾಕಿದ ಚಿಲಕವನ್ನೇ ಮೂರು ಮೂರು ಸಲ ಎದ್ದು ಮುಟ್ಟಿ ನೋಡಿ ಮಲಗುತ್ತಿದ್ದೆ. ಆ ಚಿಲಕದ ಬಗ್ಗೆ ಬರೆಯಲು ಮತ್ತೆ ಒಂಬತ್ತು ವರ್ಷ ಬೇಕಾಯಿತು. ಬರೆದ ಮೇಲೂ ಎದ್ದು ನೋಡುವುದು ನಿಲ್ಲಲಿಲ್ಲ, ಒಂದು ಸಲಕ್ಕೆ ಇಳಿಯಿತು. ವಾಸಿಯಾಗುವುದು ಅಂದರೆ ನಾನು ಕಂಡದ್ದು ಇಷ್ಟು.

ನಿಮ್ಮ ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಬೋರರ್ ಹುಳ ಹುಡುಕುವ ಹೆಂಗಸರನ್ನು ನೋಡಿರುತ್ತೀ. ಹುಳ ಅರೇಬಿಕಾ ಗಿಡದ ಕಾಂಡವನ್ನು ಒಳಗೇ ಕೊರೆಯುತ್ತಾ ಹೋದ ಹಾಗೆ ಮೇಲೆ ತೊಗಟೆ ಏಣಿನಂತೆ ಉಬ್ಬುತ್ತದೆ. ದೂರದಿಂದ ನೋಡಿದವರಿಗೆ ಗಿಡ ಹಸಿರಾಗಿಯೇ ಇದೆ ಅನ್ನಿಸುವಾಗಲೂ ಕಾಂಡ ಸವರಿದ ಅವರ ಬೆರಳಿಗೆ ಆ ಉಬ್ಬು ಸಿಕ್ಕುತ್ತದೆ. ‘ಹಂಡೆ’ಯಲ್ಲಿ ನಿನಗೂ ಸಿಕ್ಕಿದೆ. ಮಿಕ್ಕವನ್ನು ರಸ್ತೆಯಲ್ಲಿ ನಿಂತು ತೋಟ ನೋಡಿ ಬರೆದ ಹಾಗಿದೆ.

ಗಟ್ಟಿ ಮಾತಿಗೆ ಕೂಗು ಬೇಕಿಲ್ಲ. ಸಂಚಿ ಹೊನ್ನಮ್ಮ 17ನೇ ಶತಮಾನದಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯ ಊಳಿಗದಲ್ಲಿದ್ದುಕೊಂಡು, ಪತಿವ್ರತೆಯ ಧರ್ಮ ಹೇಳುವ ಕಾವ್ಯದ ನಡುವೆಯೇ, ಹೆಣ್ಣೆಂದು ಹೀಗಳೆಯುವವರಿಗೆ ಕಣ್ಣು ಕಾಣುವುದಿಲ್ಲ ಅಂದುಬಿಟ್ಟಳು. ಹಾಗೆಯೇ ಅವಸರವೂ ಬೇಡ. ಪಕ್ಕದ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ತಂದ ಪುಸ್ತಕದಲ್ಲಿರುವುದು 12 ಕಥೆ. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದದ್ದರಿಂದ ಆಯ್ದವು. ನೀನು ಎರಡು ತಿಂಗಳಲ್ಲಿ ಹನ್ನೆರಡು ಬರೆದಿದ್ದೀ. ಬೇಸರ ಮಾಡಿಕೊಳ್ಳಬೇಡ, ಅವು ಇನ್ನೂ ಕೂರಬೇಕು.

ಒಬ್ಬಳೇ ಬರೆಯುತ್ತಾ ಕೂರುವುದೂ ಸಾಕು. ಬೇಲೂರು ತಾಲ್ಲೂಕಿನಿಂದ ಹೋದ ವಿಜಯಾ ದಬ್ಬೆ ಕವಿತೆಯ ಜೊತೆಜೊತೆಗೇ ಮೈಸೂರಿನಲ್ಲಿ ಗೆಳತಿಯರೊಂದಿಗೆ ಸಮತಾ ಅಧ್ಯಯನ ಕೇಂದ್ರ ಕಟ್ಟಿದರು. ನಿನಗೂ ಮೂರು ಜನ ಸಿಕ್ಕರೆ ಸಾಕು, ತಿಂಗಳಿಗೊಮ್ಮೆ ಕೂತು ಜೋರಾಗಿ ಓದಿಕೊಳ್ಳಿ.

ಇನ್ನು ನಿನ್ನ ಏಳನೇ ಕವಿತೆ. ಅದು ಹೇಗಿದೆ ಅಂತ ನಾನು ಈಗ ಹೇಳುವುದಿಲ್ಲ. ಅದರಲ್ಲಿರುವುದು ನಿನ್ನ ಮೇಲೆ ಈಗಲೂ ನಡೆಯುತ್ತಿದೆಯೇ? ಹೌದಾದರೆ ಕವಿತೆ ಪಕ್ಕಕ್ಕಿಡು. ಕೌಟುಂಬಿಕ ದೌರ್ಜನ್ಯದ ವಿರುದ್ಧ 2005ರ ಕಾಯ್ದೆ ಇದೆ, 181ಕ್ಕೆ ಫೋನ್ ಮಾಡಿದರೆ ಮಹಿಳಾ ಸಹಾಯವಾಣಿ ಸಿಗುತ್ತದೆ. ಅದಕ್ಕೂ ಮೊದಲು ನನಗೆ ಫೋನ್ ಮಾಡು. ಯಾವ ಹೊತ್ತಾದರೂ ಸರಿ, ಎತ್ತುತ್ತೇನೆ.

‘ಹಂಡೆ’ಯನ್ನು ಪತ್ರಿಕೆಗೆ ಕಳಿಸುವ ಮೊದಲು ಅಮ್ಮನಿಗೆ ಓದಿ ಹೇಳು. ಕಣ್ಣೀರು ಅವರದು, ಅಷ್ಟು ವರ್ಷ ಹೊಗೆಯ ಹಿಂದೆ ಕಾಪಾಡಿಕೊಂಡದ್ದು. ಅಚ್ಚಾಗುವುದು ಬೇಡ ಅಂದರೆ ಬೇಡ, ನಿನ್ನ ಪೆಟ್ಟಿಗೆಯಲ್ಲೇ ಇರಲಿ. ಓದುವಾಗ ಕೊನೆಯ ನಾಲ್ಕು ಸಾಲು ಬಿಟ್ಟು ಓದು. ಅವರು ಏನಂದರು ಅಂತ ನನಗೆ ಬರೆ. ಏನೂ ಅನ್ನದೆ ಎದ್ದು ಹೋದರೆ, ಎಲ್ಲಿಗೆ ಹೋದರು ಅಂತ ಬರೆ.

ನಿನ್ನ
ಅಕ್ಕ