ಪ್ರಶ್ನೆ ಕೇಳಿದವರು ದೇಶದ್ರೋಹಿಗಳಲ್ಲ

ಮಾನ್ಯರೇ,

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುವ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು ಮೂರನೇ ಹಂತದಲ್ಲೂ ಶುದ್ಧೀಕರಿಸಿ ಎಂದ ರೈತರೊಬ್ಬರಿಗೆ ಮೊನ್ನೆ ಟೀ ಅಂಗಡಿ ಮುಂದೆ ‘ದೇಶದ್ರೋಹಿ’ ಅಂದುಬಿಟ್ಟರು. ಅವರ ಕೈಯಲ್ಲಿದ್ದದ್ದು ಕೆರೆ ನೀರು ತುಂಬಿದ ಬಾಟಲಿ, ಅಷ್ಟೇ. ತುಂಬಾ ನೋವಾಯಿತು.

ನಮ್ಮದೇ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಂದಿನ ಆಡಳಿತದ ಕಣ್ಣಿಗೆ ಅವರೂ ತಪ್ಪಿತಸ್ಥರೇ. ಇಂದು ಅವರ ಸ್ಮಾರಕಕ್ಕೆ ಕೈ ಮುಗಿಯುತ್ತೇವೆ, ಅಲ್ವಾ? ಸರ್ಕಾರವನ್ನು ಟೀಕಿಸಿದ ಮಾತ್ರಕ್ಕೆ ರಾಜದ್ರೋಹ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಆ ರೈತರನ್ನು ಸುಮ್ನೆ ಬೈಯುವುದು ಬೇಡ. ಪ್ರತಿ ಕೆರೆಯ ನೀರಿನ ಪರೀಕ್ಷಾ ವರದಿಯನ್ನು ಗ್ರಾಮ ಪಂಚಾಯಿತಿ ಬೋರ್ಡಿನಲ್ಲಿ ಹಾಕಿಸಲಿ.

– ಒಬ್ಬ ಓದುಗ, ಗೌರಿಬಿದನೂರು