ಕರೆಯದಿದ್ದರೂ ಬರುವ ಜೀಪು, ಕರೆದರೂ ಬರದ ಜೀಪು

ಮಾನ್ಯ ಸಂಪಾದಕರೇ,

‘ಮನೆ ಮನೆಗೆ ಪೊಲೀಸ್’ ಯೋಜನೆ ಬಗ್ಗೆ ಪತ್ರಿಕೆಗಳಲ್ಲಿ ಒಳ್ಳೆ ಮಾತುಗಳನ್ನೇ ಓದುತ್ತಿದ್ದೇನೆ. 2025ರ ಜುಲೈನಲ್ಲಿ ಶುರುವಾದ ಯೋಜನೆ. ಬೀಟ್ ಪೊಲೀಸರು ಮನೆಗೇ ಬಂದು ಕಷ್ಟಸುಖ ಕೇಳಬೇಕು, ಜನರಿಗೆ ಠಾಣೆ ಅಂದರೆ ಇರುವ ಭಯ ಹೋಗಬೇಕು ಅನ್ನೋದು ಅದರ ಉದ್ದೇಶ. ಒಳ್ಳೆಯದೇ. ಆದರೆ ನಮ್ಮ ಊರಿನ ಸೆಟ್ಲಮೆಂಟ್ ಓಣಿಯಲ್ಲಿ ಒಬ್ಬ ಹಿರಿಯರು ಇದನ್ನು ಕೇಳಿ ನಕ್ಕುಬಿಟ್ಟರು. “ನಮ್ಮನಿಗೆ ಪೊಲೀಸ್ರು ಬರೋದು ನಮ್ಮ ಮುತ್ತ್ಯಾನ ಕಾಲದಿಂದ ಐತ್ರಿ, ಇದರಾಗ ಹೊಸಾದೇನೈತಿ?” ಅಂದರು.

ಆ ಓಣಿಗೆ ಸೆಟ್ಲಮೆಂಟ್ ಅನ್ನೋ ಹೆಸರು ಯಾಕೆ ಬಂತು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕೊರಮ, ಕೊರಚ, ಘಂಟಿಚೋರ, ಹರಣಶಿಕಾರಿ ಹೀಗೆ ಎಷ್ಟೋ ಸಮುದಾಯಗಳು ಬರಬರುತ್ತ ಅದರ ಪಟ್ಟಿಗೆ ಸೇರಿದವು. ತಪ್ಪು ಮಾಡಿದ್ದಾರೋ ಇಲ್ಲವೋ ಯಾರೂ ನೋಡಲಿಲ್ಲ, ಆ ಜಾತಿಯಲ್ಲಿ ಹುಟ್ಟಿದರೆ ಸಾಕಿತ್ತು. ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಾಪುರದಂಥ ಊರುಗಳಲ್ಲಿ ಇವರನ್ನು ತಂದು ಒಂದೇ ಕಡೆ ಕೂಡಿಹಾಕಿದರು, ಆ ಜಾಗಕ್ಕೆ ಸೆಟ್ಲಮೆಂಟ್ ಅಂದರು. ದಿನಾ ಹಾಜರಿ, ಹೊರಗೆ ಹೋಗಬೇಕಾದರೆ ಪಾಸು. 1952ರ ಆಗಸ್ಟ್ 31ಕ್ಕೆ ಇಡೀ ದೇಶದಲ್ಲಿ ಆ ಕಾಯ್ದೆ ರದ್ದಾಯಿತು. ಅದು ಹೋದ ಮೇಲೆ ರಾಜ್ಯ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ, ಅಂದರೆ ಮತ್ತೆ ಮತ್ತೆ ಅಪರಾಧ ಮಾಡುವವರ ಮೇಲಿನ ಕಾಯ್ದೆಗಳು ಬಂದವು, ನಮ್ಮ ಕರ್ನಾಟಕದ್ದು 1961ರದ್ದು. ಈ ಕಾಯ್ದೆಯಲ್ಲಿ ಜಾತಿಯ ಹೆಸರಿಲ್ಲ, ನಿಜ. ಠಾಣೆಯಲ್ಲಿರುವವರ ತಲೆಯಲ್ಲಿ ಹಳೇ ಪಟ್ಟಿ ಹಾಗೇ ಇದೆ.

ಠಾಣೆಯ ಹತ್ತಿರವೇ ನನ್ನ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ದೂರು ಬರೆಸಲು ಜನ ನನ್ನ ಹತ್ತಿರವೇ ಬರುತ್ತಾರೆ. ಯಾರ ದೂರು ಎಫ್‌ಐಆರ್ ಆಗುತ್ತದೆ, ಯಾರದು ಬರೀ ಅರ್ಜಿಯಾಗಿ ಫೈಲಿನಲ್ಲಿ ಉಳಿಯುತ್ತದೆ ಅಂತ ಕಾಗದ ನೋಡಿದರೇ ನನಗೆ ಅರ್ಧ ಗೊತ್ತಾಗುತ್ತದೆ. ವಿಳಾಸದ ಸಾಲು ನೋಡಿದರೆ ಪೂರ್ತಿ ಗೊತ್ತಾಗುತ್ತದೆ.

ಹೋದ ವರ್ಷ ಆ ಓಣಿಯ ಹೆಣ್ಣುಮಗಳೊಬ್ಬರು ಬಂದರು. ಕಸಬರಿಗೆ ಮಾರಿ ಜೀವನ ಮಾಡುವವರು. ಮಗಳ ಮದುವೆಗೆ ಅಂತ ಮಾಡಿಸಿಟ್ಟಿದ್ದ ಬೋರಮಾಳ ಸರ, ಒಂದಿಷ್ಟು ರೊಕ್ಕ ಟ್ರಂಕಿನಲ್ಲಿತ್ತು. ಸಂತೆಗೆ ಹೋಗಿ ಬರುವಷ್ಟರಲ್ಲಿ ಬೀಗ ಒಡೆದಿತ್ತು. ದೂರು ಟೈಪ್ ಮಾಡಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅದೇ ಕಾಗದ ಹಿಡಿದುಕೊಂಡು ವಾಪಸ್ ಬಂದರು. ಅಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಇದಂತೆ: “ಬೋರಮಾಳ ನಿನಗೆಲ್ಲಿಂದ ಬಂತು? ರಸೀದಿ ತೋರಿಸು.” ಎರಡನೇದು, “ನಿಮ್ಮ ಓಣಿಯವರೇ ಯಾರೋ ಒಯ್ದಿರ್ತಾರ, ನಿಮ್ಮೊಳಗ ವಿಚಾರಿಸ್ಕೋ.” ಕಳವಾಗಿದೆ ಅಂತ ಹೇಳಲು ಹೋದವರೇ ಕಳ್ಳಿಯಾಗಿ ವಾಪಸ್ ಬಂದರು. ಇನ್ನೊಂದು ಸಲ ಹೋಗಿ, ನಾನೂ ಜೊತೆಗೆ ಬರುತ್ತೇನೆ ಅಂದೆ. ಬ್ಯಾಡ್ರಿ ಅಣ್ಣಾರ, ನನ್ನ ಮಗನ್ನ ಕರಕೊಂಡು ಹೋಗ್ತಾರ ಅಂದರು. ಅವರ ಲೆಕ್ಕ ತಪ್ಪು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಯಾಕಂದರೆ ಅದೇ ಸುಮಾರಿಗೆ ಹೊಸ ಲೇಔಟಿನ ಒಂದು ಮನೆಯಲ್ಲೂ ಕಳವಾಗಿತ್ತು. ಬೆಳಗಾಗುವುದರೊಳಗೆ ಜೀಪು ಸೆಟ್ಲಮೆಂಟಿಗೆ ಬಂತು. ಹುಡುಗರನ್ನು ‘ಸುಮ್ನೆ ವಿಚಾರಣೆಗೆ’ ಅಂತ ಕರೆದುಕೊಂಡು ಹೋದರು. ನೋಟಿಸ್ ಇಲ್ಲ, ಮನೆಯವರಿಗೆ ಯಾವ ಕಾಗದವೂ ಇಲ್ಲ. ಆಮೇಲೆ ಬಿಟ್ಟು ಕಳಿಸಿದರು, ಕೇಸಿಲ್ಲ, ಏನಿಲ್ಲ. ಆದರೆ ಅವರಲ್ಲಿ ಒಬ್ಬ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ, ಮಾಲೀಕ ಅವನನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಪೊಲೀಸರು ಬಿಟ್ಟರೂ ಊರು ಬಿಡಬೇಕಲ್ವಾ!

ಪೊಲೀಸರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರ ಕಷ್ಟವನ್ನೂ ದಿನಾ ನೋಡುತ್ತೇನೆ. ಸಿಬ್ಬಂದಿ ಕಡಿಮೆ, ಬಂದೋಬಸ್ತ್ ಜಾಸ್ತಿ, ದೊಡ್ಡ ಮನೆಯಲ್ಲಿ ಕಳವಾದರೆ ಮೇಲಿಂದ ಮೇಲೆ ಫೋನು. ಕ್ರೈಂ ಮೀಟಿಂಗಿನಲ್ಲಿ ಎಷ್ಟು ಪತ್ತೆಯಾಯಿತು, ಎಷ್ಟು ರಿಕವರಿ ಆಯಿತು ಅಂತ ಲೆಕ್ಕ ಕೇಳುತ್ತಾರೆ. ಆಗ ಕೈಗೆ ಬೇಗ ಸಿಗೋದು ಹಳೇ ಎಂಒಬಿ ಪಟ್ಟಿ (ಹಿಂದೆ ಅಪರಾಧ ಮಾಡಿದವರು ಅಂತ ಪೊಲೀಸರು ಇಟ್ಟುಕೊಂಡ ಪಟ್ಟಿ), ಹಳೇ ಓಣಿ. ಬೋರಮಾಳ ಕಳೆದುಕೊಂಡವರ ಪರವಾಗಿ ಯಾರ ಫೋನೂ ಬರುವುದಿಲ್ಲ. ಅವರ ದೂರು ದಾಖಲಾದರೆ ಪತ್ತೆಯಾಗದ ಕೇಸು ಒಂದು ಹೆಚ್ಚಾಗುತ್ತದೆ, ಅಷ್ಟೇ. ಕಾಗದದ ಮೇಲೆ ಆ ಓಣಿಯಲ್ಲಿ ಕಳ್ಳರಿದ್ದಾರೆ, ಕಳವು ಮಾತ್ರ ಆಗಿಯೇ ಇಲ್ಲ!

ಇದರಿಂದ ಲಾಭ ಆಗುತ್ತಿರೋದು ಯಾರಿಗೆ ಅಂತ ಒಂದು ಸಲ ಯೋಚಿಸಿ. ಇಲ್ಲಿ ಕದ್ದರೆ ಯಾರೂ ಕೇಳುವುದಿಲ್ಲ ಅಂತ ಕಳ್ಳನಿಗೆ ಗೊತ್ತು. ಬಡ್ಡಿ ವ್ಯಾಪಾರದವನಿಗೆ ಗೊತ್ತು, ಮಟಕಾ ಬರೆಯುವವನಿಗೂ ಗೊತ್ತು. ಗಂಡ ದಿನಾ ಹೊಡೆದರೂ ಹೆಂಡತಿ ಠಾಣೆಗೆ ಹೋಗಲ್ಲ, ಓಣಿಯ ಹಿರಿಯರು ಕೂತು ರಾಜಿ ಮಾಡಿಸಿ ಕಳಿಸುತ್ತಾರೆ. ಆ ರಾಜಿಯಲ್ಲಿ ಹೆಣ್ಣಿನ ಮಾತು ಎಷ್ಟು ನಡೆಯುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಕಣ್ಣಾರೆ ಕಂಡವರೂ ಸಾಕ್ಷಿ ಹೇಳಲ್ಲ, ಹೇಳಿದರೆ ಮುಂದಿನ ಸಲ ತಮ್ಮ ಹೆಸರೇ ಬರುತ್ತದೆ ಅನ್ನೋ ಹೆದರಿಕೆ. ಕಲಿತ ಮಕ್ಕಳು ಕೆಲಸ ಕೇಳಲು ಹೋದಾಗ ಓಣಿಯ ಹೆಸರು ಬಿಟ್ಟು ಬರೀ ವಾರ್ಡ್ ನಂಬರ್ ಬರೆಯುತ್ತಾರೆ. ಆ ಅರ್ಜಿಗಳನ್ನು ಟೈಪ್ ಮಾಡುವವನೂ ನಾನೇ. ಇನ್ನು ಲೇಔಟಿನ ಮಂದಿ ಹುಡುಗರನ್ನು ಹಿಡಿದರು ಅಂತ ನೆಮ್ಮದಿಯಾಗಿ ಮಲಗಿದರು. ಅವರ ಮನೆಯ ಕಳ್ಳ ಇನ್ನೂ ಸಿಕ್ಕಿಲ್ಲ.

ಕಾನೂನಿಗೇನೂ ಕೊರತೆ ಇಲ್ಲ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರೆಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದ್ದು 2013ರಲ್ಲಿ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಸಿಆರ್‌ಪಿಸಿ ಬದಲು ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಟ್ಟಿದೆ, ಅದಕ್ಕೂ 14 ದಿನದ ಗಡುವಿದೆ. ರಸೀದಿ ತೋರಿಸಿದರೆ ಮಾತ್ರ ದೂರು ಅಂತ ಎಲ್ಲೂ ಇಲ್ಲ. 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಅದೇ ಕೋರ್ಟ್, ವಿಮುಕ್ತ ಜಾತಿಯವರ (ಆ ಹಳೇ ಕಾಯ್ದೆಯ ಪಟ್ಟಿಯಿಂದ ಬಿಡುಗಡೆಯಾದ ಸಮುದಾಯದವರ) ಹೆಸರುಗಳನ್ನು ಜಾತಿ ನೋಡಿಯೇ ಪೊಲೀಸ್ ದಾಖಲೆಗೆ ಸೇರಿಸುತ್ತಾರೆ ಅನ್ನುವ ಆರೋಪವನ್ನು ಪ್ರಸ್ತಾಪಿಸಿ, ಹಾಗಾಗದಂತೆ ನೋಡಿಕೊಳ್ಳಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಅದೇ ವರ್ಷ ಅಕ್ಟೋಬರ್ 3ರಂದು, ಜೈಲುಗಳಲ್ಲಿನ ಜಾತಿ ತಾರತಮ್ಯದ ತೀರ್ಪಿನಲ್ಲಿ, ಈ ಸಮುದಾಯದವರನ್ನು ಮನಸ್ಸಿಗೆ ಬಂದಂತೆ ಬಂಧಿಸಬಾರದು ಅಂತ ಮತ್ತೆ ಹೇಳಿತು. ಇಷ್ಟೆಲ್ಲ ಆದೇಶಗಳಲ್ಲಿ ಒಂದಾದರೂ ನಮ್ಮ ಠಾಣೆಯ ಗೋಡೆ ಮೇಲೆ ಕನ್ನಡದಲ್ಲಿ ಇದೆಯಾ ಅಂತ ಹುಡುಕಿದೆ. ಇಲ್ಲ. ಹೆಲ್ಮೆಟ್ ಧರಿಸಿ ಅಂತ ಇದೆ.

ಹಾಗಾದರೆ ಆ ಓಣಿಗೆ ಪೊಲೀಸರೇ ಬರುವುದು ಬೇಡ ಅಂತ ಕೆಲವು ಓದಿದವರು ವಾದ ಮಾಡುತ್ತಾರೆ. ಅದು ಓಣಿಯ ಹೊರಗಿರುವವರ ಮಾತು. ಒಳಗಿನ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ರಾತ್ರಿ ಕುಡುಕರ ಗಲಾಟೆ ಆದಾಗ 112ಕ್ಕೆ ಫೋನ್ ಮಾಡಿದರೆ ಗಾಡಿ ಬರಲಿ ಅಂತಲೇ ಹೇಳುತ್ತಾರೆ. ಬಂದವರು ಫೋನ್ ಮಾಡಿದವರ ಮಾತು ಕೇಳಬೇಕು, ಅಷ್ಟು ಸಾಕು ಅವರಿಗೆ.

ಮನೆ ಮನೆಗೆ ಪೊಲೀಸ್ ಅಂತ ಪುಸ್ತಕ ಹಿಡಿದು ಬರುವವರಿಗೆ ನನ್ನದೊಂದು ಕೋರಿಕೆ. ಈ ಓಣಿಯಲ್ಲಿ ಮೊದಲು ಬಾಕಿ ದೂರುಗಳನ್ನು ಬರೆದುಕೊಳ್ಳಿ. ಮನೆಯಲ್ಲಿ ಎಷ್ಟು ಜನ, ಗಂಡುಮಕ್ಕಳು ಎಲ್ಲಿ ಕೆಲಸ ಮಾಡುತ್ತಾರೆ ಅನ್ನೋ ಪ್ರಶ್ನೆ ಆಮೇಲೆ. ಅದನ್ನೇ ಮೊದಲು ಕೇಳಿದರೆ ಹಳೇ ಹಾಜರಿ ಮತ್ತೆ ಶುರುವಾಯಿತು ಅಂದುಕೊಳ್ಳುತ್ತಾರೆ. ಇನ್ನು ಎಸ್‌ಪಿ ಸಾಹೇಬರು ತಿಂಗಳ ಮೀಟಿಂಗಿನಲ್ಲಿ ಪ್ರತಿ ಬೀಟಿನಿಂದಲೂ ಎರಡು ಅಂಕಿ ಕೇಳಲಿ: ಆ ಬೀಟಿನಿಂದ ಎಷ್ಟು ಜನರನ್ನು ವಿಚಾರಣೆಗೆ ಕರೆತಂದಿರಿ, ಅದೇ ಬೀಟಿನ ಜನ ಕೊಟ್ಟ ದೂರುಗಳಲ್ಲಿ ಎಷ್ಟು ಎಫ್‌ಐಆರ್ ಆದವು. ಎರಡನ್ನೂ ಠಾಣೆಯ ಹೊರಗಿನ ಬೋರ್ಡಿನಲ್ಲಿ ಬರೆಸಲಿ. ಟೈಪ್ ಮಾಡಿ ಅಂಟಿಸುವ ಕೆಲಸವಿದ್ದರೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ಉತ್ತರ ಕರ್ನಾಟಕದ ಒಬ್ಬ ಓದುಗ