ನರ್ಸಿಂಗ್‌ಗೆ ಹೊರಟ ಮಕ್ಕಳ ಪೋಷಕರಿಗೆ

ಆತ್ಮೀಯ ಪೋಷಕರೇ,

ನಮಸ್ಕಾರ. ಮಕ್ಕಳನ್ನು ನರ್ಸಿಂಗ್‌ಗೆ ಸೇರಿಸಬೇಕು ಅಂತ ಈ ವರ್ಷ ನಿಮ್ಮಲ್ಲಿ ಹಲವರು ಬಂದು ಮಾತಾಡಿದಿರಿ. ಬಂದವರೆಲ್ಲ ಮೊದಲು ಕೇಳಿದ್ದು ಸಂಬಳದ ವಿಷಯ. ಕೇಳಬೇಕಾದ್ದೇ. ಆದರೆ ಲೈಸೆನ್ಸ್ ಕೈಗೆ ಬರದೆ ಸಂಬಳದ ಮಾತೇ ಇಲ್ಲ. ಓದು ಮುಗಿದರೆ ಪದವಿ ಸಿಗುತ್ತದೆ, ಅಷ್ಟೇ. ನರ್ಸ್ ಆಗಿ ಕೆಲಸ ಮಾಡಲು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಹಾಗಾಗಿ ಕಾಲೇಜಿನ ಕಟ್ಟಡ ನೋಡಿ ಮರುಳಾಗಬೇಡಿ. ಕೌನ್ಸಿಲ್‌ನ ಮಾನ್ಯತೆ ಪಟ್ಟಿಯಲ್ಲಿ ಅದರ ಹೆಸರಿದೆಯಾ, ನೀವೇ ಹುಡುಕಿ ನೋಡಿ.

ಒಂದು ದೇಶದ ಲೈಸೆನ್ಸ್ ಇನ್ನೊಂದು ದೇಶದಲ್ಲಿ ಸುಮ್ನೆ ನಡೆಯುವುದಿಲ್ಲ. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಅದಕ್ಕೆ ಎನ್‌ಕ್ಲೆಕ್ಸ್ ಅನ್ನುವ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. 85ರಿಂದ 150 ಪ್ರಶ್ನೆಗಳು ಬರುತ್ತವೆ. ಕೊಟ್ಟ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ, ಬಾಯಿಪಾಠ ಅಲ್ಲಿ ನಡೆಯದು. ಬ್ರಿಟನ್‌ನಲ್ಲಿ ಕಂಪ್ಯೂಟರ್ ಪರೀಕ್ಷೆಯ ಜೊತೆಗೆ ಆಸ್ಕಿ ಅಂತ ಇನ್ನೊಂದಿದೆ. ಪರೀಕ್ಷಕರ ಎದುರೇ ಕೆಲಸ ಮಾಡಿ ತೋರಿಸಬೇಕು. ಜರ್ಮನಿಗೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡುವಷ್ಟು, ಜರ್ಮನ್ ಭಾಷೆ ಬೇಕು.

ಐಸಿಯು, ಆಪರೇಷನ್ ಥಿಯೇಟರ್, ಡಯಾಲಿಸಿಸ್‌ನಲ್ಲಿ ಪಳಗಿದವರಿಗೆ ಬೇಡಿಕೆ ಜಾಸ್ತಿ. ಕೆಲಸ ಸಿಕ್ಕಾಗ ಒಟ್ಟು ಮೊತ್ತ ನೋಡಿ ಖುಷಿಪಡಬೇಡಿ. ಮೂಲ ಸಂಬಳ ಎಷ್ಟು, ನೈಟ್ ಡ್ಯೂಟಿಗೆ ಬೇರೆ ದುಡ್ಡು ಇದೆಯಾ, ಕೆಲಸ ಬಿಡುವುದಿಲ್ಲ ಅಂತ ಬರೆದುಕೊಡುವ ಬಾಂಡ್ ಎಷ್ಟು ವರ್ಷದ್ದು ಅಂತ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಒರಿಜಿನಲ್ ಸರ್ಟಿಫಿಕೇಟುಗಳನ್ನು ಯಾವ ಏಜೆಂಟರ ಕೈಗೂ ಕೊಡಬೇಡಿ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತಿದೆ. ನಮ್ಮಲ್ಲೇ ಓದಿದ ಹುಡುಗಿಯೊಬ್ಬಳು ಒಂದು ದಿನ ಫೈಲ್ ಎದೆಗವುಚಿಕೊಂಡು ಬಂದಳು. ಪರೀಕ್ಷೆ ಪಾಸಾಗಿತ್ತು, ಕೆಲಸವೂ ಸಿಕ್ಕಿತ್ತು. ಆದರೆ ಪಾಸ್‌ಪೋರ್ಟಿನಲ್ಲಿದ್ದ ಹೆಸರಿಗಿಂತ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಅಕ್ಷರ ಜಾಸ್ತಿ. ದಾಖಲೆ ಪರಿಶೀಲನೆ ಅಲ್ಲಿಗೇ ನಿಂತುಬಿಟ್ಟಿತ್ತು. ಹಳೆಯ ದಾಖಲಾತಿ ಪುಸ್ತಕ ತೆಗೆದು ನೋಡಿದೆವು. ತಪ್ಪು ನಮ್ಮ ಶಾಲೆಯದೇ. ತಿದ್ದಿಸಿ ಕೊಡುವಷ್ಟರಲ್ಲಿ ತಿಂಗಳುಗಳೇ ಕಳೆದವು. ಅವಳು ಒಂದು ಮಾತೂ ಆಡಲಿಲ್ಲ. ನನಗೇ ಅವಳ ಮುಖ ನೋಡಲು ಆಗಲಿಲ್ಲ.

ಈ ಶನಿವಾರ ಬೆಳಿಗ್ಗೆ ಮಗುವಿನ ಜನನ ಪ್ರಮಾಣಪತ್ರ ಮತ್ತು ಮಾರ್ಕ್ಸ್ ಕಾರ್ಡ್ ತೆಗೆದುಕೊಂಡು ಶಾಲೆಗೆ ಬನ್ನಿ. ಮಗುವೂ ಜೊತೆಗಿರಲಿ. ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಒಂದೊಂದನ್ನೂ ದಾಖಲಾತಿ ಪುಸ್ತಕದ ಜೊತೆ ಕೂತು ತಾಳೆ ನೋಡೋಣ.

ನಿಮ್ಮ,
ಮುಖ್ಯೋಪಾಧ್ಯಾಯಿನಿ